ಹಸಿರು ನೀರು

ಗಾಜಿನ ಎಡಮೂಲೆಯಲ್ಲಿ ಅದೇನದು, ಅಂಗೈಯಗಲದ ಮಬ್ಬು, ಹೊರಗಿನ ಧೂಳಿರಬೇಕು, ಹೇರೋಹಳ್ಳಿ ರಸ್ತೆಯಲ್ಲಿ ಧೂಳಿಗೇನು ಬರ, ಒಬ್ಬರು ಅಗೆದು ಮುಚ್ಚುವಷ್ಟರಲ್ಲಿ ಇನ್ನೊಬ್ಬರು ಬಂದು ಅಗೆಯುತ್ತಾರೆ — ಕೃಷ್ಣಪ್ಪ ವೈಪರ್ ಹಾಕಿದ, ಒಣಗಿದ ಗಾಜಿನ ಮೇಲೆ ರಬ್ಬರು ಕಿರ್ರೆಂದು ಎಳೆದಾಡಿತು, ಮಬ್ಬು ಇದ್ದಲ್ಲೇ ಇತ್ತು, ಹಾಗಾದರೆ ಒಳಗಿನದು, ಉಸಿರಿನದು, ಕಿಟಕಿಗಳನ್ನೆಲ್ಲ ಏರಿಸಿಕೊಂಡು ಕೂತರೆ ಇಬ್ಬರ ಉಸಿರು ಹೋಗುವುದಾದರೂ ಎಲ್ಲಿಗೆ, ಹೌದು ಉಸಿರೇ, ಬೇರೆ ಏನೂ ಅಲ್ಲ, ಬೇರೆ ಏನೂ ಆಗುವುದು ಬೇಡ. ಬೆನ್ನಿಗೆ ಬನಿಯನ್ ಅಂಟಿಕೊಂಡಿದೆ, ಹಣೆಯ ಬೆವರು ಹುಬ್ಬು ದಾಟಿ ಕಣ್ಣಿಗಿಳಿದು ಉರಿಯುತ್ತಿದೆ, ಏಪ್ರಿಲ್ ಬಿಸಿಲು ಕಾರಿನ ತಗಡನ್ನು ದೋಸೆಹೆಂಚಿನಂತೆ ಕಾಯಿಸಿದೆ, ಅದರ ಮೇಲೆ ಹೀಟರ್ ಬೇರೆ. ಪಕ್ಕದಲ್ಲಿ ಬೈಕ್ ನಿಲ್ಲಿಸಿಕೊಂಡವನೊಬ್ಬ ಬಗ್ಗಿ ಒಳಗೆ ನೋಡುತ್ತಾನೆ, ನೋಡಲಿ, ಈ ಕಾಲದಲ್ಲಿ ಹಳೇ ಕಾಂಟೆಸಾ ಕಾರು ಕಂಡರೆ ಯಾರಾದರೂ ನೋಡುತ್ತಾರೆ, ಆದರೆ ಇವನು ನೋಡುತ್ತಿರುವುದು ಕಾರನ್ನಲ್ಲ, ಯಶೋದಮ್ಮನನ್ನು, ಈ ಸೆಕೆಯಲ್ಲಿ ಮೆರೂನ್ ಸ್ವೆಟರು, ತಲೆಗೆ ಮಫ್ಲರು, ಕಾಲಿಗೆ ಉಣ್ಣೆಯ ಕಾಲುಚೀಲ, ಮೇಲೆ ಮಗಳ ಹಳೇ ಶಾಲು, ಡ್ಯಾಶ್‌ಬೋರ್ಡಿನ ಗಾಳಿಕಿಂಡಿಗೆ ಎರಡೂ ಅಂಗೈ ಒಡ್ಡಿಕೊಂಡು ಕೂತ ತನ್ನ ಹೆಂಡತಿಯನ್ನು. ಬೆಚ್ಚಗೆ ಬರ್ತಿದೆ ಕಣ್ರೀ, ಅಂದಳು. ಬರ್ತಿದೆ ಅಲ್ವಾ, ಅಂದ. ಹೂಂ, ಕಾಲಿಗೂ ಬರ್ತಿದೆ, ಪರವಾಗಿಲ್ಲ ನಿಮ್ ಹಡಗು. ಅವಳು ಈ ಕಾರನ್ನು ಕರೆಯುವುದೇ ಹಡಗು ಅಂತ, ಮನೆಗೆ ತಂದ ದಿನ ಗೇಟು ದಾಟದೆ ಅರ್ಧ ಒಳಗೆ ಅರ್ಧ ಬೀದಿಯಲ್ಲಿ ನಿಂತಾಗ ಇಟ್ಟ ಹೆಸರು, ಆರತಿ ತಟ್ಟೆ ಹಿಡಿದುಕೊಂಡೇ ನಕ್ಕಿದ್ದಳು, ಇದಕ್ಕೆ ಬಂದರು ಕಟ್ಟಿಸ್ಬೇಕು ಕಣ್ರೀ ಅಂತ. ಆಗ ಅವಳಿಗೆ ಸೆಕೆ ಅಂದರೆ ಸೆಕೆ, ನಡುಹಗಲು ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತ ಹಿತ್ತಲ ಬಾಗಿಲಲ್ಲಿ ಕೂರುತ್ತಿದ್ದವಳು.

ಈ ಚಳಿ ಬಂದದ್ದು ಕಿಡ್ನಿ ಹೋದ ಮೇಲೆ. ದಿನ ಬಿಟ್ಟು ದಿನ ರಾಜಾಜಿನಗರದ ಡಯಾಲಿಸಿಸ್ ಸೆಂಟರಿನಲ್ಲಿ ಮೈಯ ರಕ್ತವನ್ನೆಲ್ಲ ಕೊಳವೆಯಲ್ಲಿ ಹೊರಗೆ ತಂದು ತೊಳೆದು ಮತ್ತೆ ಒಳಗೆ ಬಿಡುವುದು ಶುರುವಾದ ಮೇಲೆ. ರಕ್ತ ಹೊರಗೆ ಹೋಗಿ ತಣ್ಣಗಾಗಿ ವಾಪಸ್ ಬರುತ್ತೆ ಕಣ್ರೀ, ಬರೋದು ಗೊತ್ತಾಗುತ್ತೆ, ಇಲ್ಲಿಂದ ಇಲ್ಲಿಗೆ, ಅಂತ ಮೊಳಕೈಯಿಂದ ಭುಜದವರೆಗೆ ಬೆರಳೆಳೆದು ತೋರಿಸಿದ್ದಳು, ಮೊದಮೊದಲು ಸೆಂಟರಿನ ಮಂಚದ ಮೇಲಷ್ಟೇ ಇದ್ದ ನಡುಕ ಆಮೇಲೆ ಮನೆಯವರೆಗೂ ಬಂತು, ಆಮೇಲೆ ಮನೆಯಲ್ಲೇ ಉಳಿಯಿತು. ಕ್ಯಾಬಿನಲ್ಲಿ ಹೋದರೆ ಎ.ಸಿ., ಸ್ವಲ್ಪ ಆಫ್ ಮಾಡಪ್ಪ ಅಂದರೆ, ಆಂಟಿ ಈ ಬಿಸಿಲಲ್ಲಿ ಆಫ್ ಮಾಡಿದ್ರೆ ನಿಮ್ ಪಕ್ಕದ ಬೆಡ್ಡಿಗೆ ನನ್ನೂ ಸೇರಿಸ್ಬೇಕಾಗುತ್ತೆ ಅಂತ ನಗುತ್ತಲೇ ಆಫ್ ಮಾಡಿ ನಾಲ್ಕೂ ಗಾಜು ಇಳಿಸುತ್ತಿದ್ದರು, ಆ ಗಾಳಿ ಇನ್ನೂ ಕೊರೆಯುತ್ತಿತ್ತು, ಅವಳ ಹಲ್ಲು ಕಟಕಟ ಅನ್ನುವುದು ಕೃಷ್ಣಪ್ಪನಿಗೆ ಕೇಳಿಸುತ್ತಿತ್ತು, ಹಿಂದಿನ ಸೀಟಿನಲ್ಲಿ ಅವಳ ಎರಡೂ ಕೈಗಳನ್ನು ತನ್ನ ಕೈಯೊಳಗೆ ತುರುಕಿಕೊಂಡು ಕೂರುವುದು, ಅದನ್ನು ಬಿಟ್ಟರೆ ಇನ್ನೇನು ಮಾಡಲಿಕ್ಕಿತ್ತು. ಕಿಡ್ನಿ ಕೊಡುತ್ತೇನೆ ಅಂದಿದ್ದ. ಡಾಕ್ಟರು ಅವನ ರಿಪೋರ್ಟು ತಿರುಗಿಸಿ ನೋಡಿ, ನಿಮಗೇ ಶುಗರ್ ಇದೆ, ನಿಮ್ಮದು ಆಗಲ್ಲ ಯಜಮಾನ್ರೇ, ಅಂದರು. ಕೆಂಗೇರಿಯಿಂದ ಮಗಳು ರಮ್ಯ ಕೊಡಲು ಬಂದಾಗ ಯಶೋದಮ್ಮ ಬಾಗಿಲು ಹಾಕಿಕೊಂಡು ಒಳಗೆ ಕೂತಳು, ಬಸುರಿ ಇದೀಯ, ಹೋಗ್ತಾ ಇರು ಅಂತ ಒಳಗಿಂದಲೇ ಕೂಗಿದಳು, ಅಲ್ಲಿಗೆ ಆ ಮಾತು ಮುಗಿಯಿತು. ಹೀಗೆ ಕೈಗೆ ಎಟುಕುವುದೆಲ್ಲ ಒಂದೊಂದಾಗಿ ಜಾರಿದ ಮೇಲೆ ಒಂದು ಬೆಳಗ್ಗೆ ಶೆಡ್ಡಿನಲ್ಲಿ ಕಾರಿನ ಮೇಲಿನ ಹೊದಿಕೆ ಎಳೆದಾಗ ಅವನಿಗೆ ನೆನಪಾದದ್ದು, ಇದರಲ್ಲಿ ಹೀಟರ್ ಇದೆ. ಕೆಲಸ ಮಾಡಿದ್ದೇ ಇಲ್ಲ, ಆದರೆ ಇದೆ. ಇದಕ್ಕಾದರೆ ಸ್ಪ್ಯಾನರ್ ಹಾಕಬಹುದು.

ಸುಂಕದಕಟ್ಟೆ ದಾಟುವಷ್ಟರಲ್ಲಿ ಮಬ್ಬು ಎರಡು ಅಂಗೈಯಷ್ಟಾಗಿದೆ. ಮುಂದಿನ ಬಿ.ಎಂ.ಟಿ.ಸಿ. ಬಸ್ಸಿನ ಹಿಂಬದಿ ನೀರಿನಲ್ಲಿ ಅದ್ದಿದ ಹಾಗೆ ಕಾಣುತ್ತಿದೆ. ಒರೆಸಿದ, ತೊಡೆಯ ಮೇಲಿದ್ದ ಟವಲಿನಲ್ಲಿ, ಒರೆಸಿದಲ್ಲಿ ಗಾಜು ತಿಳಿಯಾಗಲಿಲ್ಲ, ಎಣ್ಣೆ ಸವರಿದಂತೆ ಗೆರೆಗೆರೆ ನಿಂತಿತು, ಉಸಿರಾದರೆ ಒಂದೇ ಸಲಕ್ಕೆ ಹೋಗುತ್ತದೆ, ಉಸಿರಿಗೆ ಜಿಡ್ಡು ಇರುವುದಿಲ್ಲ — ಬೇಡ, ಅದನ್ನು ಈಗ ಯೋಚಿಸುವುದು ಬೇಡ, ಅವಳು ಕಣ್ಣು ಮುಚ್ಚಿದ್ದಾಳೆ, ಕೈ ಇನ್ನೂ ಕಿಂಡಿಯ ಮುಂದೆಯೇ ಇದೆ, ಬೆರಳು ನಡುಗುತ್ತಿಲ್ಲ, ಎಷ್ಟೋ ತಿಂಗಳಾಯಿತು ಆ ಬೆರಳು ಹೀಗೆ ಸುಮ್ಮನಿದ್ದು, ಸೆಂಟರ್ ತಲುಪುವವರೆಗೆ ತಡೆದರೆ ಸಾಕು, ರೇಡಿಯೇಟರ್ ರಿಪೇರಿಯ ದ್ಯಾಮಪ್ಪ ಹೀಟರಿಗೆ ಹಾಕಿದ ಬೆಸುಗೆ ಅಲ್ಲಿಯವರೆಗೆ ತಡೆಯಲೇಬೇಕು. ಈ ಕಾರು ಮೊದಲು ಅವನ ಸಾಹುಕಾರರದ್ದು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯಲ್ಲಿ ಕೃಷ್ಣಪ್ಪ ಟರ್ನರ್, ಲೇತ್ ಮಿಷನ್ನಿನ ಮುಂದೆ ನಿಂತರೆ ಕಿಟಕಿಯಲ್ಲಿ ಕಾಣುತ್ತಿದ್ದದ್ದು ನೆರಳಿನಲ್ಲಿ ನಿಂತ ಈ ಬಿಳೀ ಕಾರು, ಕಾರ್ಖಾನೆ ಮುಚ್ಚಿ ಲೇತುಗಳೆಲ್ಲ ಗುಜರಿಗೆ ಹೋದ ವರ್ಷ ಇದೂ ಟಯರು ಕೂತು ಮೂಲೆಯಲ್ಲಿ ಬಿದ್ದಿತ್ತು, ತಂದುಕೊಂಡ, ಆಮೇಲಿನ ಭಾನುವಾರಗಳೆಲ್ಲ ಇದರ ಹೊಟ್ಟೆಯೊಳಗೇ ಕಳೆದವು, ಬ್ರೇಕು, ಕ್ಲಚ್ಚು, ಕಾರ್ಬುರೇಟರು ಎಲ್ಲ ಕೈಯಾರೆ ಮಾಡಿದ್ದ, ಹೀಟರನ್ನು ಮಾತ್ರ ಮುಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಅದನ್ನು ಯಾರು ಮುಟ್ಟುತ್ತಾರೆ.

ಡ್ಯಾಶ್‌ಬೋರ್ಡು ಪೂರ್ತಿ ಬಿಚ್ಚಬೇಕು, ಅದರ ಹಿಂದೆ ಕಪ್ಪು ಡಬ್ಬದೊಳಗೆ ಊಟದ ಕ್ಯಾರಿಯರಿನಷ್ಟು ಪುಟ್ಟದೊಂದು ರೇಡಿಯೇಟರು, ಹೀಟರ್ ಕೋರ್ ಅಂತಾರೆ, ಇಂಜಿನ್ನಿನ ಬಿಸಿನೀರು ಅದರ ಸಣ್ಣ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುತ್ತಿ ಬರುತ್ತದೆ, ಫ್ಯಾನು ಅದರ ಮೇಲೆ ಗಾಳಿ ಊದುತ್ತದೆ, ಅಷ್ಟೇ, ಅಷ್ಟು ಸುಲಭ. ಹೊರಗೆ ತೆಗೆದಾಗ ಅಡಿಯೆಲ್ಲ ಪಾಚಿ ಬಣ್ಣಕ್ಕೆ ತಿರುಗಿತ್ತು, ನೀರು ಹಾಕಿದರೆ ಜರಡಿ. ಹೊಸದಕ್ಕೆ ಜೆ.ಸಿ. ರೋಡಿನ ಅಂಗಡಿಗಳನ್ನೆಲ್ಲ ಸುತ್ತಿದ, ಅಣ್ಣಾ ಆ ಕಾರೇ ಇಲ್ಲ ಈಗ, ಕೋರ್ ಎಲ್ಲಿಂದ ತರೋಣ, ಅಂದರು. ಕೊನೆಗೆ ಕಾಮಾಕ್ಷಿಪಾಳ್ಯದ ರೇಡಿಯೇಟರ್ ದ್ಯಾಮಪ್ಪ, ಬಾಗಲಕೋಟೆ ಕಡೆಯವನು, ಕೋರನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟುಬಿಟ್ಟ, ಬೆಂಗಳೂರಾಗ ಹೀಟರ್ ಯಾರಿಗೆ ಬೇಕ್ರೀ ಯಜಮಾನ್ರ, ಎರಡೂ ಪೈಪ ಕೂಡಿಸಿ ಕ್ಲಿಪ್ ಹೊಡದು ಬಿಡ್ರಿ, ಜಲ್ಮಕ್ಕ ಸೋರಂಗಿಲ್ಲ, ಎಲ್ಲಾರೂ ಅದನ್ನ ಮಾಡ್ತಾರ. ಹೆಂಡ್ತಿಗೆ ಚಳಿಯಪ್ಪ, ಅಂದ ಕೃಷ್ಣಪ್ಪ, ಡಯಾಲಿಸಿಸ್ ಮಾಡಿಸ್ತೀವಿ. ದ್ಯಾಮಪ್ಪ ಬೀಡಿ ಆರಿಸಿದ, ಹಂಗಿದ್ರ ಕೊಡ್ರಿ ಇಲ್ಲಿ. ತೊಟ್ಟಿಯ ನೀರಿನಲ್ಲಿ ಕೋರನ್ನು ಮುಳುಗಿಸಿ ಒಂದು ಬಾಯಿಗೆ ಗಾಳಿ ಕೊಟ್ಟ, ಗುಳ್ಳೆಗಳು ಎದ್ದವು, ಎದ್ದಲ್ಲಿ ಗುರುತು ಮಾಡಿ ಬೆಸುಗೆ, ಮತ್ತೆ ಮುಳುಗಿಸಿದರೆ ಪಕ್ಕದಲ್ಲಿ ಗುಳ್ಳೆ, ಮತ್ತೆ ಬೆಸುಗೆ, ತಾಮ್ರ ಸವದು ಹಪ್ಪಳಾಗೇತ್ರಿ, ಇಲ್ಲಿ ಕಾವು ಕೊಟ್ರ ಅಲ್ಲಿ ಬಾಯಿ ಬಿಡತೇತಿ, ನಾ ಏನೂ ಗ್ಯಾರಂಟಿ ಹೇಳಂಗಿಲ್ಲ. ಗುಳ್ಳೆ ನಿಂತಾಗ ಇಬ್ಬರೂ ತೊಟ್ಟಿಯ ಮೇಲೆ ಬಗ್ಗಿಕೊಂಡೇ ಇದ್ದರು, ನಂಬಿಕೆ ಇಲ್ಲದವರ ಹಾಗೆ. ಹೊರಡುವಾಗ ಒಂದು ಮಾತು ಹೇಳಿದ, ಬರೇ ನೀರು ಹಾಕಬ್ಯಾಡ್ರಿ ಮತ್ತ, ಬರೇ ನೀರು ತಾಮ್ರ ತಿಂತೇತಿ, ಕೂಲೆಂಟ್ ಹಾಕ್ರಿ. ಒಳ್ಳೆಯ ಮಾತೇ. ಯಾವನಿಗೆ ಕೇಳಿದರೂ ಅದನ್ನೇ ಹೇಳುತ್ತಾನೆ. ಕೃಷ್ಣಪ್ಪ ಕೂಲೆಂಟ್ ತಂದ, ಇಂಜಿನ್ನನ್ನು ಕಾಯದಂತೆ ಇಡುವ ದ್ರವ, ಗಿಣಿಹಸಿರು ಬಣ್ಣ, ನೀರಿಗೆ ಬೆರೆಸಿ ಹೊಯ್ದ, ಇಂಜಿನ್ ಶುರು ಮಾಡಿ ಹೀಟರಿನ ಕಡ್ಡಿ ಕೆಂಪು ಗುರುತಿಗೆ ಎಳೆದ, ಗಾಳಿ ಬಿಸಿಯಾಯಿತು, ಒಂದು ಕ್ಷಣ ಅವನಿಗೆ ಒಳಗೆ ಓಡಿ ಅವಳನ್ನು ಎಬ್ಬಿಸಬೇಕು ಅನ್ನಿಸಿತು, ಅಷ್ಟರಲ್ಲಿ ಕಾಲಡಿಯ ರತ್ನಗಂಬಳಿಯ ಮೇಲೆ ಹಸಿರು ತೊಟ್ಟು. ಮತ್ತೊಂದು. ಮತ್ತೆ ಎಲ್ಲ ಬಿಚ್ಚಬೇಕು.

ಬಚ್ಚಲಿನ ನೀಲಿ ಬೇಸಿನ್ ತಂದು ಅದರೊಳಗೆ ಆ ಹಸಿರು ನೀರನ್ನು ಇಳಿಸಿಕೊಂಡದ್ದು ಅವನೇ, ಹೊಸದು, ಚೆಲ್ಲುವುದೇಕೆ, ಸೋಸಿ ಮತ್ತೆ ಹಾಕಬಹುದು ಅಂತ ಶೆಡ್ಡಿನ ಬಾಗಿಲಲ್ಲಿ ಇಟ್ಟದ್ದೂ ಅವನೇ. ಆಮೇಲೆ ಕಾರಿನೊಳಗೆ ಅಂಗಾತ ಮಲಗಿ, ತಲೆ ಪೆಡಲುಗಳ ಹತ್ತಿರ, ಕಾಲು ಬಾಗಿಲಾಚೆ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಡಬ್ಬದ ಸ್ಕ್ರೂಗಳನ್ನು ಹುಡುಕುತ್ತಿದ್ದ, ಆಗ ಕೇಳಿಸಿತು, ಲೊಚ್ ಲೊಚ್ ಲೊಚ್, ನಾಯಿ ನೀರು ಕುಡಿಯುವ ಸದ್ದು. ಕೆಂಪಿ, ಅಂದುಕೊಂಡ. ಬೀದಿಯ ನಾಯಿ, ಆದರೆ ಅದಕ್ಕೆ ಮನೆ ಅಂತಿದ್ದರೆ ಇದೇ, ಗೇಟಿನ ಪಕ್ಕ ಯಶೋದಮ್ಮ ಒಂದು ಸಿಮೆಂಟಿನ ಬಟ್ಟಲು ಇಟ್ಟಿದ್ದಳು, ದಿನವೂ ತೊಳೆದು ನೀರು ತುಂಬುತ್ತಿದ್ದಳು, ತನ್ನ ಪಾಲಿನ ನೀರು ಮಾತ್ರ ಡಾಕ್ಟರು ಹೇಳಿದ ಅಳತೆಯದು, ದಿನಕ್ಕೆ ಇಷ್ಟೇ, ಮಾತ್ರೆಗೆ ಒಂದು ಗುಟುಕು, ಊಟಕ್ಕೆ ಎರಡು, ನಾಲಗೆ ಅಂಗುಳಿಗೆ ಅಂಟಿಕೊಂಡರೆ ಒಂದು ಚೂರು ಐಸು ಬಾಯಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕುರ್ಚಿ ಎಳೆದು ಕೂತು ಕೆಂಪಿ ಕುಡಿಯುವುದನ್ನು ನೋಡುತ್ತಿದ್ದಳು. ನಾನಂತೂ ಕುಡಿಯೋ ಹಂಗಿಲ್ಲ, ಅದಾದ್ರೂ ಕುಡೀಲಿ ಕಣ್ರೀ, ಆ ಸದ್ದು ಕೇಳಿದ್ರೆ ಒಂಥರಾ ಸಮಾಧಾನ. ಅದೇ ಸದ್ದು. ಬಟ್ಟಲಿನಲ್ಲಿ ಕುಡಿಯುತ್ತಿದೆ ಅಂದುಕೊಂಡ, ಸಮಾಧಾನ ಅಂದುಕೊಂಡ, ಒಂದು ಸ್ಕ್ರೂ ತುಕ್ಕು ಹಿಡಿದು ತಿರುಗದೆ ಅದರ ಮೇಲೇ ಗಮನ ನೆಟ್ಟ, ಲೊಚ್ ಲೊಚ್ ಲೊಚ್, ಎಷ್ಟು ಹೊತ್ತು ಕುಡಿಯುತ್ತದೆ ಇದು, ಪಾಪ ಬಿಸಿಲು, ಅಂತ ಕೂಡ ಅಂದುಕೊಂಡ. ಎದ್ದು ಹೊರಗೆ ಬಂದಾಗ ಬೇಸಿನ್ ಖಾಲಿ. ಚೆಲ್ಲಿದ್ದಲ್ಲ, ಅಡಿ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು, ಅಂಚಿನವರೆಗೂ ನೆಕ್ಕಿತ್ತು.

ರೀ, ಅಂದಳು ಯಶೋದಮ್ಮ ಕಣ್ಣು ತೆರೆಯದೆ, ಏನೋ ಸಿಹಿ ವಾಸನೆ. ಎಲ್ಲಿ, ಹೊರಗಡೆಯದ್ದು, ಅಂದ. ಇಲ್ಲ ಕಣ್ರೀ, ಪಾನಕದ ಥರ, ಎಲ್ಲೋ ರಾಮನವಮಿ ಪಾನಕ ಹಂಚ್ತಾ ಇರ್ಬೇಕು, ಎಷ್ಟು ವರ್ಷ ಆಯ್ತು ಒಂದು ಲೋಟ ಪಾನಕ ಪೂರ್ತಿ ಕುಡಿದು — ಸುಮನಹಳ್ಳಿಯ ಸಿಗ್ನಲ್ಲು, ಕೆಂಪು, ಮಧ್ಯಾಹ್ನದ ಲಾರಿಗಳು, ಗಾಜಿನ ಎಡಭಾಗ ಪೂರ್ತಿ ಹಾಲಾಗಿದೆ, ಅವನು ಒರೆಸುತ್ತಾನೆ, ಅದು ಮೂಡುತ್ತದೆ. ಕೂಲೆಂಟ್ ಸಿಹಿಯಾಗಿರುತ್ತೆ ಸಾರ್, ನಾಯಿಗಳು ಬಿಡಲ್ಲ. ಹಾಗಂದದ್ದು ಆ ಡಾಕ್ಟರು, ವಿಜಯನಗರದ ಪ್ರಾಣಿಗಳ ಕ್ಲಿನಿಕ್ಕಿನ ಹುಡುಗಿ, ಶೈಲಾ ಅಂತ ಅಂಗಿಯ ಮೇಲೆ ಹೆಸರು. ಕುಡಿದ ಸಂಜೆ ಕೆಂಪಿ ತೂರಾಡಿತ್ತು, ಕುಡುಕರ ಹಾಗೆ, ಹಿಂಗಾಲು ಒಂದು ಕಡೆ ಮುಂಗಾಲು ಇನ್ನೊಂದು ಕಡೆ, ಬೀದಿಯವರು ನಕ್ಕರು, ಯಾರೋ ಹೆಂಡ ಕುಡಿಸವ್ರೆ ಕಣಣ್ಣೋ ಅಂದರು, ಮರುದಿನ ಸರಿಹೋದಂತೆ ಕಂಡಿತು, ಬಾಲ ಕೂಡ ಆಡಿಸಿತು, ಅವನು ಉಸಿರು ಬಿಟ್ಟ, ಬಿಡು, ಬೀದಿ ನಾಯಿ, ಏನೇನೋ ತಿಂದು ಅರಗಿಸಿಕೊಳ್ಳುತ್ತವೆ, ಅಷ್ಟರಲ್ಲಿ ಒಳಗೆಲ್ಲ ಮುಗಿದುಹೋಗಿತ್ತು, ಅದು ಹಾಗೇ ಮಾಡೋದು ಸಾರ್, ಮಧ್ಯದಲ್ಲಿ ಒಂದು ದಿನ ಸರಿಹೋದಂಗೆ ಕಾಣುತ್ತೆ, ಅಂದಿದ್ದಳು ಆ ಹುಡುಗಿ. ಮೂರನೇ ದಿನ ಪಕ್ಕದ ಮನೆಯ ಟೆಂಪೋ ಕೆಳಗೆ ಹೋಗಿ ಮಲಗಿದ್ದು ಮತ್ತೆ ಏಳಲಿಲ್ಲ. ಅವತ್ತು ಡಯಾಲಿಸಿಸ್ ದಿನ, ಕಾರು ಬಿಚ್ಚಿ ಹರಡಿತ್ತು, ರಮ್ಯ ಕ್ಯಾಬಿನಲ್ಲಿ ಬಂದು ಅಮ್ಮನನ್ನು ಕರೆದುಕೊಂಡು ಹೋದಳು, ಅಪ್ಪ, ಎರಡು ಕಂಬಳಿ ಹೊದಿಸಿದ್ರೆ ಆಗ್ತಿತ್ತು, ಇದ್ಯಾಕೆ ಬೇಕಿತ್ತು ನಿಮಗೆ, ಅಂದಳು ಹೋಗುವಾಗ. ಕ್ಯಾಬು ತಿರುವು ದಾಟಿದ ಮೇಲೆ ಅವನು ಟೆಂಪೋ ಕೆಳಗೆ ತೂರಿ ಕೆಂಪಿಯನ್ನು ಗೋಣಿಚೀಲದ ಮೇಲೆ ಎಳೆದುಕೊಂಡ, ಬಾಯೆಲ್ಲ ಹುಣ್ಣು, ಉಸಿರಿನಲ್ಲಿ ಒಂದು ವಾಸನೆ, ಆ ವಾಸನೆ ಅವನಿಗೆ ಗೊತ್ತಿತ್ತು, ಮೊದಲನೇ ಸಲ ಯಶೋದಮ್ಮನನ್ನು ಆಸ್ಪತ್ರೆಗೆ ಸೇರಿಸಿದ ವಾರ ಅವಳ ಬಾಯಿಂದ ಬರುತ್ತಿದ್ದದ್ದು ಅದೇ.

ಕ್ಲಿನಿಕ್ಕಿನಲ್ಲಿ ಶೈಲಾ, ಸಾರ್, ಏನಾದ್ರೂ ಕುಡೀತಾ ಇದು, ಕಾರ್ ಕೂಲೆಂಟ್ ಥರದ್ದು, ಅಂತ ಕೇಳಿದಾಗ ಅವನು ಹೂಂ ಅಂದ. ಎಷ್ಟು ಕುಡೀತು. ಪೂರ್ತಿ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಕುಡಿದ ಕೂಡಲೇ ತಂದಿದ್ರೆ ನೋಡಬಹುದಿತ್ತು ಸಾರ್, ಈಗ ಕಿಡ್ನಿ ಎರಡೂ ಹೋಗಿದೆ, ಕ್ರಿಯಾಟಿನಿನ್ ಎಷ್ಟಿದೆ ಅಂದ್ರೆ, ಅಂದು ಮುಂದೆ ವಿವರಿಸಲು ಹೊರಟಳು, ಕ್ರಿಯಾಟಿನಿನ್ ಅಂದ್ರೆ — ಗೊತ್ತು ಅಂದ ಕೃಷ್ಣಪ್ಪ, ಗೊತ್ತಮ್ಮ. ಟೇಬಲಿನ ತಗಡಿನ ಮೇಲೆ ಕೆಂಪಿ ನಡುಗುತ್ತಿತ್ತು. ಅವನ ಬಾಯಿಂದ ಬಂದೇಬಿಟ್ಟಿತು, ಡಯಾಲಿಸಿಸ್ ಮಾಡೋಕಾಗಲ್ವಾ ಅಂತ. ಅವಳು ತಲೆ ಎತ್ತಿ ನೋಡಿದಳು, ತಮಾಷೆಯೇನೋ ಅಂತ, ಅವನ ಮುಖ ಕಂಡು ಮೆಲ್ಲಗೆ, ನಾಯಿಗಳಿಗೆ ಇಲ್ಲೆಲ್ಲೂ ಮಾಡಲ್ಲ ಸಾರ್, ಅಂದಳು, ನರಳೋದು ಬೇಡ, ಒಂದು ಇಂಜೆಕ್ಷನ್, ನಿದ್ದೆ ಮಾಡುತ್ತೆ, ನೀವು ಹೊರಗಡೆ ಕೂತಿರಿ ಬೇಕಾದ್ರೆ. ಕೂರಲಿಲ್ಲ. ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತ. ಮೈ ಬೆಚ್ಚಗಿತ್ತು, ಆಮೇಲೂ ಸ್ವಲ್ಪ ಹೊತ್ತು ಬೆಚ್ಚಗೇ ಇತ್ತು. ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ, ಹೇರೋಹಳ್ಳಿಯಲ್ಲಿ ಅಪ್ಪನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲ ಈಗ ಸೈಟುಗಳು, ಅದರಲ್ಲಿ ಒಂದು ಇನ್ನೂ ಖಾಲಿ, ಬೇಲಿಯ ಪಕ್ಕ ಗುಂಡಿ ತೋಡಿದ, ಮಣ್ಣಿನ ಬದಲು ಇಟ್ಟಿಗೆ ಚೂರು, ಟೈಲ್ಸು, ಪ್ಲಾಸ್ಟಿಕ್ಕು ಬರುತ್ತಿತ್ತು, ಗುದ್ದಲಿ ಹಾಕಿದಲ್ಲೆಲ್ಲ ಯಾರದೋ ಮನೆಯ ಗೋಡೆ. ಸಂಜೆ ನಡುಗುತ್ತ ಬಂದ ಯಶೋದಮ್ಮ ಮೊದಲು ಕೇಳಿದ್ದೇ, ಕೆಂಪಿ ಎಲ್ರೀ ಕಾಣ್ತಿಲ್ಲ. ಮರಿ ಹಾಕೋಕೆ ಹೋಗಿರ್ಬೇಕು, ಅಂದ. ಯಾಕೆ ಹಾಗಂದನೋ. ಬೇರೆ ಏನಾದರೂ ಹೇಳಬಹುದಿತ್ತು, ಓಡಿಹೋಯಿತು ಅನ್ನಬಹುದಿತ್ತು, ಹೊಟ್ಟೆ ದಪ್ಪ ಇತ್ತಲ್ಲ ನೋಡು, ಅಂತ ಬೇರೆ ಸೇರಿಸಿದ, ಅವಳ ಮುಖ ಅರಳಿತು, ಹೌದಾ, ನಂಗೆ ಗೊತ್ತೇ ಆಗ್ಲಿಲ್ವಲ್ರೀ, ಅಂತ ನಡುಗುವ ಕೈಯಿಂದಲೇ ಪೆಟ್ಟಿಗೆ ತೆಗೆದು ಮರಿಗಳಿಗೆ ಹಾಸಲು ಹಳೆಯ ಹತ್ತಿ ಸೀರೆಯೊಂದನ್ನು ಎತ್ತಿಟ್ಟಳು.

ಅಲ್ಲಿಗೆ ಬಿಡಬೇಕಿತ್ತು. ಎರಡೂ ಪೈಪು ಕೂಡಿಸಿ ಕ್ಲಿಪ್ ಹೊಡೆದು ಬಿಡಬೇಕಿತ್ತು. ಬಿಟ್ಟರೆ ಕೆಂಪಿ ಸತ್ತದ್ದು ಯಾತಕ್ಕೆ, ಅದಕ್ಕಾದರೂ ಈ ಗಾಳಿ ಬಿಸಿಯಾಗಬೇಕಲ್ಲ, ಹೀಗೇನೋ ಒಂದು ಹಟ, ಅದು ಹಟವೋ ಭಯವೋ, ಮತ್ತೆ ಕೋರನ್ನು ಸುತ್ತಿಕೊಂಡು ದ್ಯಾಮಪ್ಪನ ಮುಂದೆ ನಿಂತ, ದ್ಯಾಮಪ್ಪ ಈ ಸಲ ಕೆಟ್ಟಿದ್ದ ಒಂದು ಸಾಲು ಕೊಳವೆಯನ್ನೇ ಎರಡೂ ಕಡೆ ಮುಚ್ಚಿ ಬೆಸೆದ, ಉಳದದ್ದರಾಗ ಸ್ವಲ್ಪ ಕಾವು ಬರತೇತಿ, ಇನ್ನ ನನ್ನ ಕೈಯಾಗ ಏನೂ ಇಲ್ರಿ, ಅಂತ ಕೋರನ್ನು ತನ್ನದೇ ಬಟ್ಟೆಯಲ್ಲಿ ಒರೆಸಿ ಕೊಟ್ಟ. ಕೃಷ್ಣಪ್ಪ ಎಲ್ಲ ಜೋಡಿಸಿದ, ಒಂದು ಸ್ಕ್ರೂ ಬಿಡದೆ, ಇಂಜಿನ್ ಓಡಿಸಿಟ್ಟು ಕಾಲಡಿಗೆ ಹಳೇ ಪೇಪರ್ ಹಾಸಿ ಕಾದ, ಪೇಪರ್ ಒಣಗಿಯೇ ಇತ್ತು, ಒಣಗಿದ ಪೇಪರನ್ನು ಕೈಯಲ್ಲಿ ಹಿಡಿದು ಮೂಸಿ ಕೂಡ ನೋಡಿದ್ದ, ಇವತ್ತು ಬೆಳಗ್ಗೆ. ಈಗ ಕಾಮಾಕ್ಷಿಪಾಳ್ಯ ಬಂತು. ಅದೇ ಅಂಗಡಿ, ಹಸಿರು ಬಾಗಿಲು, ದ್ಯಾಮಪ್ಪ ತೊಟ್ಟಿಯ ಮೇಲೆ ಬಗ್ಗಿದ್ದಾನೋ ಏನೋ, ಈ ಗಾಜಿನಲ್ಲಿ ಮನುಷ್ಯರೆಲ್ಲ ಒಂದೇ ಬಣ್ಣದ ಕಲೆಗಳು. ಅವನು ಕತ್ತು ಚಾಚಿ ಬಲಮೂಲೆಯಲ್ಲಿ ಉಳಿದ ಒಂದು ಗೇಣು ತಿಳಿಗಾಜಿನಲ್ಲಿ ನೋಡಿಕೊಂಡು ಓಡಿಸುತ್ತಿದ್ದಾನೆ, ಬಸವೇಶ್ವರನಗರದ ಕಡೆಗೆ ಎಡಕ್ಕೆ ತಿರುಗಬೇಕು, ಎಡಗಡೆ ಏನೂ ಕಾಣುತ್ತಿಲ್ಲ, ಒಂದು ಸ್ಕೂಟರು ಎಲ್ಲಿಂದಲೋ ಎದ್ದು ಬಂತು, ಬ್ರೇಕು, ಕಣ್ ಕಾಣಲ್ವಾ ಅಣ್ಣಾ ಅಂದಿತು ಒಂದು ಹೆಲ್ಮೆಟ್ಟು, ಯಶೋದಮ್ಮ ಮುಂದಕ್ಕೆ ಜಗ್ಗಿ ಎಚ್ಚರಾದಳು. ರೀ, ಕಾಲ್ಚೀಲ ಒದ್ದೆಯಾಗಿದೆ.

ರಸ್ತೆ ಬದಿಗೆ ತಂದು ನಿಲ್ಲಿಸಿದ. ಹೊಂಗೆ ಮರದ ನೆರಳು. ಬಗ್ಗಿ ನೋಡಿದ, ಅವಳ ಬಲಗಾಲಿನ ಹತ್ತಿರ ರತ್ನಗಂಬಳಿ ಹಸಿರಾಗಿ ಹೊಳೆಯುತ್ತಿದೆ, ಡಬ್ಬದ ಅಂಚಿನಲ್ಲಿ ಒಂದು ತೊಟ್ಟು ಕೂಡಿಕೊಂಡು ದಪ್ಪವಾಗಿ ಬಿತ್ತು. ಟೆಂಪರೇಚರ್ ಮುಳ್ಳು ಏರುತ್ತಿದೆ. ಹೀಗೇ ಬಿಟ್ಟರೆ ಇಂಜಿನ್ನಿನ ನೀರೆಲ್ಲ ಇಲ್ಲೇ ಇಳಿಯುತ್ತದೆ, ಸೆಂಟರ್ ತಲುಪುವುದಿಲ್ಲ, ತಲುಪಲೇಬೇಕು, ಮಿಷನ್ ಇವಳಿಗಾಗಿ ಕಾಯುವುದಿಲ್ಲ, ಇವಳ ಪಾಳಿ ತಪ್ಪಿದರೆ ಇನ್ನೊಬ್ಬರು ಮಲಗಿರುತ್ತಾರೆ. ಕಡ್ಡಿಯನ್ನು ಕೆಂಪಿನಿಂದ ನೀಲಿಗೆ ತಳ್ಳಿದ. ಫ್ಯಾನು ನಿಲ್ಲಿಸಿದ. ಬಾನೆಟ್ ತೆಗೆದು ಹೀಟರಿಗೆ ಹೋಗುವ ಪೈಪನ್ನು ಇಕ್ಕಳದಲ್ಲಿ ಹಿಸುಕಿ ತಂತಿ ಬಿಗಿದ, ಅಷ್ಟೇ ಕೆಲಸ, ಮೊದಲ ದಿನವೇ ದ್ಯಾಮಪ್ಪ ಹೇಳಿದ್ದ ಕೆಲಸ, ರೇಡಿಯೇಟರಿಗೆ ಬಾಟಲಿಯ ನೀರು ಹೊಯ್ದು ವಾಪಸ್ ಬಂದು ಕೂತು ಅವಳ ಕಾಲುಚೀಲ ಎಳೆದು ತೆಗೆದು ಟವಲಿನಲ್ಲಿ ಪಾದ ಒರೆಸಿದ, ಒಂದು ಸಲ, ಇನ್ನೊಂದು ಸಲ, ಬೆರಳ ಸಂದಿಗಳಲ್ಲಿ ಕೂಡ, ಸಾಕು ಬಿಡ್ರೀ ಅಂದಳು, ಇದು ಒಳ್ಳೇದಲ್ಲ ಕಣೇ, ಈ ನೀರು, ಅಂದ, ಒರೆಸುತ್ತಲೇ ಇದ್ದ. ಗಾಳಿ ನಿಲ್ತಲ್ರೀ. ಹೂಂ. ಮತ್ತೆ ಬರಲ್ವಾ. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಅವಳು ಕಿಂಡಿಯ ಮುಂದಿದ್ದ ಕೈಗಳನ್ನು ತೆಗೆದು ಶಾಲಿನೊಳಗೆ ಎಳೆದುಕೊಂಡಳು, ಕೋಪವಿಲ್ಲ, ಬೇಸರವೂ ಇಲ್ಲ, ಅಂಗಡಿಯವನು ಇಲ್ಲ ಅಂದರೆ ಚೀಲ ಮಡಚಿಕೊಳ್ಳುವ ಹಾಗೆ. ಹೋಗ್ಲಿ ಬಿಡಿ, ಇಷ್ಟು ದೂರ ಬೆಚ್ಚಗೆ ಬಂದ್ನಲ್ಲ. ನಡೀರಿ, ಹೊತ್ತಾಯ್ತು.

ಕಿಟಕಿ ಇಳಿಸಿದ, ಗಾಜು ತಿಳಿಯಾಗಲೇಬೇಕಲ್ಲ, ಹೊರಗಿನ ಗಾಳಿ ಒಳಗೆ ಬಂತು, ಅವನಿಗೆ ಅದು ಬಿಸಿ, ಅವಳ ಹಲ್ಲು ಶುರುವಾಯಿತು, ಕಟಕಟ, ಮೆಲ್ಲಗೆ. ಆ ಸದ್ದಿನ ನಡುವೆಯೇ ಅವಳು ಮಾತಾಡುತ್ತಿದ್ದಾಳೆ, ಚಳಿ ಹತ್ತಿದಾಗ ಹೀಗೆ ಏನಾದರೂ ಮಾತಾಡುತ್ತಾಳೆ, ನಡುಕ ಮರೆಯಲಿಕ್ಕೆ, ವಾಪಸ್ ಹೋಗ್ತಾ ಅರ್ಧ ಲೀಟರ್ ಹಾಲು ತಗೊಳ್ಳಿ, ಕೆಂಪಿಗೆ, ಬಾಣಂತಿ, ಎಲ್ಲಿ ಮರಿ ಹಾಕಿದ್ಯೋ ಹುಡುಕೋಣ, ನೀವು ಆ ಖಾಲಿ ಸೈಟ್ ಕಡೆ ನೋಡಿದ್ರಾ. ನೋಡ್ತೀನಿ, ಅಂದ. ಅವತ್ತು ನೀವು ನೋಡ್ಬೇಕಿತ್ತು, ಅಂದಳು, ಕಾರೊಳಗೆ ಮಲಗಿದ್ರಿ, ಕಾಲು ಮಾತ್ರ ಆಚೆ ಕಾಣ್ತಿತ್ತು, ನಾನು ಕಿಟಕೀಲಿ ನಿಂತಿದ್ದೆ, ಕೆಂಪಿಗೆ ಅಂತ ನೀಲಿ ಬೇಸಿನ್‌ನಲ್ಲಿ ನೀರಿಟ್ಟಿದ್ರಲ್ಲ. ಕೃಷ್ಣಪ್ಪ ಗೇರು ಹಾಕಲಿದ್ದವನು ಹಾಕಲಿಲ್ಲ. ಎಷ್ಟು ಕುಡೀತು ಅಂತೀರಾ, ತಲೆ ಎತ್ಲೇ ಇಲ್ಲ, ಬಟ್ಟಲಲ್ಲಿ ಇಟ್ರೆ ನಾಲ್ಕು ಸಲ ನೆಕ್ಕಿ ಹೋಗೋದು, ಅವತ್ತು ಪೂರ್ತಿ, ಕೊನೇಲಿ ಅಂಚು ಸುತ್ತ ನಾಲಗೆ ಆಡ್ಸಿ ಆಡ್ಸಿ, ನೋಡ್ತಾ ನೋಡ್ತಾ ನನ್ನ ಗಂಟಲೇ ತಣ್ಣಗಾದಂಗಾಯ್ತು ಕಣ್ರೀ, ನಿಮ್ಮನ್ನ ಕೂಗಿ ತೋರಿಸೋಣ ಅನ್ಕೊಂಡೆ, ಬಾಯಿವರೆಗೂ ಬಂತು, ಆಮೇಲೆ, ಪಾಪ ಕುಡೀಲಿ, ಕೂಗಿದ್ರೆ ಹೆದರಿ ಬಿಟ್ಟು ಓಡುತ್ತೆ ಅಂತ ಸುಮ್ನಾದೆ. ಹಿಂದಿನಿಂದ ಯಾವುದೋ ಆಟೋ ಹಾರ್ನ್ ಹೊಡೆಯುತ್ತಿದೆ, ಹೋಗಬೇಕು, ಹೊತ್ತಾಯಿತು, ಇನ್ನೊಂದು ತಿರುವು, ಮ್ಯಾಟಿನ ಮೇಲೆ ಉಳಿದದ್ದೊಂದು ತೊಟ್ಟು, ಕಾಲು ಕ್ಲಚ್ಚಿನ ಮೇಲಿದೆ, ಒತ್ತಿದರೆ ಆಯಿತು, ಒತ್ತಬೇಕು — ಬಾಯಿವರೆಗೂ ಬಂದಿತ್ತು, ಕೂಗಿದ್ದರೆ ಓಡುತ್ತಿತ್ತು, ಕಿಟಕಿಯಲ್ಲಿ ಅವಳು, ಕಾರಿನೊಳಗೆ ಅವನು, ನಡುವೆ ಬಿಸಿಲಿನಲ್ಲಿ ನೀಲಿ ಬೇಸಿನ್ನು, ಅದರ ಅಂಚಿನ ಸುತ್ತ ನಾಲಗೆ, ತಿಳಿಗುಲಾಬಿ ನಾಲಗೆ, ಮೆಲ್ಲಗೆ, ಒಂದು ತೊಟ್ಟೂ ಬಿಡದೆ, ಸುತ್ತ, ಸುತ್ತ